ಚಿಕ್ಕ ಗೇರು

ಫೆಬ್ರವರಿ 4

ಇವತ್ತಿನಿಂದ ದಿನಚರಿ. ಹೆಂಡತಿಯ ಹುಕುಂ. ಕೆಲಸದ ಮೇಲಿನ ಸಿಟ್ಟನ್ನೆಲ್ಲ ಮನೆಗೆ ಹೊತ್ತು ತಂದು ತನ್ನ ತಲೆ ತಿನ್ನುವ ಬದಲು ಕಾಗದದ ತಲೆ ತಿನ್ನಿ ಎಂದು ಹೇಳಿ, ಮಗಳು ಬರೆಯದೆ ಬಿಟ್ಟಿದ್ದ ಡೈರಿಯೊಂದನ್ನು ಕೈಗಿತ್ತಳು. ಹೊಲಿಗೆ ಮೇಜಿನ ಈ ತುದಿ ನನಗೆ, ಮಿಷನ್ ಇರುವ ಆ ತುದಿ ಅವಳಿಗೆ ಎಂದು ಒಪ್ಪಂದವಾಗಿದೆ.

ಸಿಟ್ಟಿಗೆ ಕಾರಣ, ಚಿಕ್ಕ ಗೇರು ಇವತ್ತು ಲೋಗೆ ಬೀಳಲಿಲ್ಲ.

ನಮ್ಮ ನೀರು ಸರಬರಾಜಿನ ಗಾಡಿಗೆ ಎರಡು ಗೇರು. ದೊಡ್ಡದು ಎಲ್ಲ ಗಾಡಿಗಳಲ್ಲಿ ಇರುವಂಥದ್ದೇ. ಅದರ ಪಕ್ಕದ ಗಿಡ್ಡನೆಯದು ನಾಲ್ಕೂ ಚಕ್ರಕ್ಕೆ ಎಳೆತ ಹಂಚುವ ಪೆಟ್ಟಿಗೆಯದು. ಹಿಂದಕ್ಕೆ ಎಳೆದರೆ ಹೈ, ಬಯಲು ರಸ್ತೆಗೆ. ಮುಂದಕ್ಕೆ ತಳ್ಳಿದರೆ ಲೋ, ಗುಡ್ಡಕ್ಕೆ. ನಡುವೆ ನ್ಯೂಟ್ರಲ್. ಅದು ಅಲ್ಲಿಗೆ ಬಂದು ನಿಂತರೆ ದೊಡ್ಡ ಗೇರು ಎಲ್ಲೇ ಇರಲಿ, ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಊರಿನ ನೀರಿನ ಟ್ಯಾಂಕ್ ಇರುವುದು ಗುಡ್ಡದ ನೆತ್ತಿಯಲ್ಲಿ. ಕ್ಲೋರಿನ್ ತುಂಬಿದ ಸಿಲಿಂಡರುಗಳನ್ನು ಮೇಲಕ್ಕೆ ಒಯ್ಯುವುದು, ಖಾಲಿಯಾದವನ್ನು ಕೆಳಕ್ಕೆ ತರುವುದು, ಪಾಳಿ ಬದಲಾಯಿಸುವ ಆಪರೇಟರನ್ನು ಹತ್ತಿಸಿ ಇಳಿಸುವುದು ನನ್ನ ಕೆಲಸ.

ಗುಡ್ಡದ ಬುಡದಲ್ಲಿ ಗಾಡಿಯನ್ನು ಪೂರ್ತಿ ನಿಲ್ಲಿಸಿ, ದೊಡ್ಡ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕ್ಲಚ್ ತುಳಿದು ಚಿಕ್ಕದನ್ನು ತಳ್ಳಿದೆ. ಕರಕರ ಎಂದಿತೇ ಹೊರತು ಕೂರಲಿಲ್ಲ. ಒಂದು ಮಾರು ಉರುಳಿಸಿ ಮತ್ತೆ ತಳ್ಳಿದೆ. ಅದೇ ರಾಗ. ಗಾಡಿ ತಿರುಗಿಸಿಕೊಂಡು ವಾಪಸ್ ಬಂದೆ. ಆಪರೇಟರ್ ನಡೆದುಕೊಂಡು ಹತ್ತಿದ, ಅವನ ಹೊಟ್ಟೆಗೆ ಒಳ್ಳೆಯದೇ ಆಯಿತು.

ಎಂಜಿನಿಯರ್ ಸಾಹೇಬರು ಹೈನಲ್ಲೇ ಮೆಲ್ಲಗೆ ಹೋಗಿಬರಬಹುದಿತ್ತಲ್ಲ ಎಂದರು. ಹೋಗಬಹುದಿತ್ತು, ಬರುವವರು ಯಾರು? ಲೋ ಇದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದು ಹಿಡಿದು ಇಳಿಸುತ್ತದೆ. ಇಲ್ಲದಿದ್ದರೆ ಬರೀ ಬ್ರೇಕು. ಮೂರನೇ ತಿರುವು ಬರುವಷ್ಟರಲ್ಲಿ ಅದು ಕಾದು ಕೈಕೊಡುತ್ತದೆ. ನನಗಿಂತ ಮೊದಲು ಈ ಕೆಲಸದಲ್ಲಿದ್ದವನನ್ನು ಎಲ್ಲರೂ ದೊರೆ ಎನ್ನುತ್ತಿದ್ದರು, ಸ್ಟಿಯರಿಂಗ್ ಹಿಂದೆ ಕೂರುವ ಗತ್ತು ಹಾಗಿತ್ತು. ಅವನು ಒಂದು ದಿನ "ಇದೊಂದು ಸಲ" ಎಂದು ಲೋ ಇಲ್ಲದೆ ಇಳಿದ. ಮೂರನೇ ತಿರುವಿನ ತಡೆಗೋಡೆಯಲ್ಲಿ ಆಮೇಲೆ ಕಟ್ಟಿದ ಭಾಗದ ಬಣ್ಣ ಹಳೆಯದಕ್ಕೆ ಇವತ್ತಿಗೂ ಹೊಂದಿಕೊಂಡಿಲ್ಲ. ಲೋ ಇಲ್ಲದೆ ಈ ಗುಡ್ಡ ಇಳಿಯಬಾರದು. ಮಗಳಿಗೆ ಗಾಡಿ ಕಲಿಸಿದಾಗ ನಾನು ಹೇಳಿಕೊಟ್ಟ ಮೊದಲ ಪಾಠ ಇದೇ. ಅವಳೀಗ ನಮ್ಮಲ್ಲೇ ಬದಲಿ ಡ್ರೈವರ್. ಸದ್ಯಕ್ಕೆ ಬಯಲಿನಲ್ಲಿ ಪೈಪ್ ಸಾಗಿಸುವ ಗಾಡಿ ಓಡಿಸುತ್ತಾಳೆ.

ಫೆಬ್ರವರಿ 7

ಗ್ಯಾರೇಜಿನ ಮೇಸ್ತ್ರಿ ಪೆಟ್ಟಿಗೆಯ ಎಣ್ಣೆ ಇಳಿಸಿದ. ಬೆರಳಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿದರೆ ಸಣ್ಣಗೆ ಮಿನುಗುತ್ತಿತ್ತು, ಒಳಗೆ ಯಾವುದೋ ಹಲ್ಲು ಸವೆಯುತ್ತಿರುವ ಲಕ್ಷಣ. ಎಣ್ಣೆ ಬದಲಾಯಿಸಿದ. ಗೇರಿನಿಂದ ಪೆಟ್ಟಿಗೆಗೆ ಹೋಗುವ ಸರಳಿನ ಬುಶ್ ಸವೆದಿತ್ತು, ಅದನ್ನೂ ಹೊಸದು ಹಾಕಿದ. ಗ್ಯಾರೇಜಿನ ಅಂಗಳದಲ್ಲಿ ನಾಲ್ಕು ಸುತ್ತು ಹೊಡೆದು ನೋಡಿದೆವು. ಹೈ, ಲೋ, ಹೈ, ಲೋ. ಬೆಣ್ಣೆಯ ಹಾಗೆ ಬೀಳುತ್ತಿದೆ.

ಹೊರಗೆ ಇಳಿಸಿಟ್ಟಿದ್ದ ಸಿಲಿಂಡರುಗಳನ್ನು ಮತ್ತೆ ಹೇರಿಕೊಂಡೆ. ಕ್ಲೋರಿನ್ ಸಿಲಿಂಡರ್ ಗ್ಯಾರೇಜಿನ ಗೇಟು ದಾಟಕೂಡದು ಎಂದು ನಿಯಮ, ಖಾಲಿಯಾಗಿದ್ದರೂ ಅಷ್ಟೆ. ಹೊರುವವರ ಸೊಂಟದ ಬಗ್ಗೆ ಮಾತ್ರ ಯಾವ ನಿಯಮವೂ ಇಲ್ಲ.

ಫೆಬ್ರವರಿ 12

ಊಟಕ್ಕೂ ಮೊದಲೇ ಬರೆಯಲು ಕೂತಿದ್ದೇನೆ.

ಹತ್ತುವಾಗ ಲೋ ಸರಿಯಾಗಿ ಬಿತ್ತು. ಇಳಿಯುವಾಗ ಎರಡನೇ ತಿರುವು ದಾಟಿದ್ದೆವು. ಆಪರೇಟರ್ ತನ್ನ ಹಲ್ಲುನೋವಿನ ಕಥೆ ಹೇಳುತ್ತಿದ್ದ. ಟಕ್ ಎಂದು ಒಂದು ಸದ್ದು. ಅಲ್ಲಿಯವರೆಗೆ ಗೊರಗೊರ ಎನ್ನುತ್ತಿದ್ದ ಎಂಜಿನ್ ಇದ್ದಕ್ಕಿದ್ದಂತೆ ತಣ್ಣಗಾಯಿತು. ಗಾಡಿ ಹಗುರವಾಯಿತು. ಅದು ಎಂಥ ಹಗುರ ಎಂದು ಬರೆಯಲು ನನಗೆ ಬರುವುದಿಲ್ಲ, ಹಿಂದಿನಿಂದ ಯಾರೋ ಕೈಬಿಟ್ಟಂತಿತ್ತು. ನೋಡಿದರೆ ಚಿಕ್ಕ ಗೇರು ತಾನೇ ಹಾರಿ ನಡುವೆ ನಿಂತಿದೆ. ಬ್ರೇಕ್ ಮೇಲೆ ಎರಡೂ ಕಾಲು ಇಟ್ಟು ಗುಡ್ಡದ ಬದಿಯ ಮಣ್ಣಿಗೆ ಒತ್ತಿ ನಿಲ್ಲಿಸಿದೆ. ಹಿಂದೆ ಖಾಲಿ ಸಿಲಿಂಡರುಗಳು ಒಂದಕ್ಕೊಂದು ಬಡಿದುಕೊಂಡವು. ಖಾಲಿ ಎನ್ನುವುದು ಹೆಸರಿಗೆ, ಉಕ್ಕಿನ ತೂಕ ಎಲ್ಲಿ ಹೋಗುತ್ತದೆ?

ಭಯವಾಯಿತು. ಇಷ್ಟು ವರ್ಷಗಳಲ್ಲಿ ಹೀಗೆ ಭಯಪಟ್ಟದ್ದಿಲ್ಲ. ಪೆಟ್ಟಿಗೆ ಬಿಚ್ಚಿ ನೋಡುವ ತನಕ ಗಾಡಿ ಮುಟ್ಟುವುದಿಲ್ಲ ಎಂದು ಸಾಹೇಬರ ಎದುರಿಗೇ ಕೀಲಿ ಇಟ್ಟು ಬಂದೆ.

ಫೆಬ್ರವರಿ 20

ಮೇಸ್ತ್ರಿ ಪೆಟ್ಟಿಗೆ ಬಿಚ್ಚಿದ. ಗೇರು ಬಿದ್ದ ಜಾಗದಲ್ಲೇ ಕೂರುವಂತೆ ಒಳಗೆ ಒಂದು ಗುಂಡು, ಅದನ್ನು ಒತ್ತುವ ಒಂದು ಸ್ಪ್ರಿಂಗ್ ಇರುತ್ತದೆ. ಸ್ಪ್ರಿಂಗ್ ಸೋತಿತ್ತು. ಎರಡನ್ನೂ ಹೊಸದು ಹಾಕಿದ. ಗೇರನ್ನು ಸರಿಸುವ ಕವಲಿನಲ್ಲಿ ಅಂಥ ಸವೆತವೇನಿಲ್ಲ. ಅಂಗಳದಲ್ಲಿ ಓಡಿಸಿದೆವು. ಬ್ರೇಕ್ ಹೊಡೆದು, ಬಿಟ್ಟು, ಹಿಂದೆ ಮುಂದೆ ಮಾಡಿ ಏನೆಲ್ಲ ಕಾಡಿದರೂ ಗೇರು ಅಲ್ಲಾಡಲಿಲ್ಲ. ಮೇಸ್ತ್ರಿ ಬಾನೆಟ್ಟಿಗೆ ಒಂದು ಏಟು ಹಾಕಿ, "ಅಣ್ಣ, ಇನ್ನು ಇದು ನನ್ನ ಹೆಂಡ್ತಿ ಹಟದ ಹಾಗೆ, ಕೂತಲ್ಲಿಂದ ಏಳಲ್ಲ" ಎಂದ.

ಫೆಬ್ರವರಿ 23

ಎದ್ದಿತು. ಅದೇ ಎರಡನೇ ತಿರುವಿನ ಕೆಳಗೆ. ಈ ಸಲ ನನ್ನ ಕಣ್ಣು ಅದರ ಮೇಲೇ ಇತ್ತು, ಹಾರಿದ ಕೂಡಲೇ ಬ್ರೇಕ್ ತುಳಿದೆ. ನಿಂತು ಮತ್ತೆ ಲೋಗೆ ಹಾಕಿ, ಎಡಗೈಯಲ್ಲಿ ಅದುಮಿ ಹಿಡಿದುಕೊಂಡೇ ಇಳಿಸಿದೆ. ಆಪರೇಟರ್ ಹಲ್ಲುನೋವನ್ನೂ ಮರೆತು ಬಾಗಿಲ ಹಿಡಿಗೆ ಜೋತುಬಿದ್ದು ಕೂತಿದ್ದ.

ಮಾರ್ಚ್ 2

ಸಾಹೇಬರು ಕೂರಿಸಿ ಮಾತಾಡಿದರು, ಕಾಫಿ ಕೂಡ ತರಿಸಿದರು. ಹೊಸ ಪೆಟ್ಟಿಗೆಗೆ ಬರೆದಿದ್ದಾರೆ, ಬರಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಊರಿಗೆ ಕ್ಲೋರಿನ್ ಇಲ್ಲದ ನೀರು ಬಿಡಲಾಗುತ್ತದೆಯೇ? ಕಳೆದ ಬಾರಿ ಹಾಗಾದಾಗ ಆಸ್ಪತ್ರೆಯಲ್ಲಿ ಮಕ್ಕಳನ್ನು ನೆಲದ ಮೇಲೆ ಮಲಗಿಸಿದ್ದರು. ಅದನ್ನು ನಾನೂ ಕಂಡವನೇ.

"ಬೇರೆಯವರಾಗಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ. ನಿಮ್ಮ ಕೈ ನನಗೆ ಗೊತ್ತು," ಎಂದರು.

ಸುಳ್ಳೇನಲ್ಲ. ಗಾಡಿಯ ಗುಣ ತಿಳಿದವನಿಗೆ ಅದರ ದೋಷವೂ ಅರ್ಧ ಕಡಿಮೆ. ಹಳೆಯ ಟ್ಯೂಬಿನ ಪಟ್ಟಿಯೊಂದರಿಂದ ಗೇರನ್ನು ಮುಂದಕ್ಕೆ ಬಿಗಿದು ಕಟ್ಟಿದ್ದೇನೆ. ಹೊಸ ಪೆಟ್ಟಿಗೆ ಬರುವ ತನಕ ಮಾತ್ರ.

ಮಾರ್ಚ್ 9

ಪಟ್ಟಿ ಕಿತ್ತುಹೋಯಿತು. ಕೈಯಲ್ಲಿ ಹಿಡಿದು ಇಳಿದೆ. ಏನೂ ಆಗಲಿಲ್ಲ.

ಮಾರ್ಚ್ 17

ಟ್ಯಾಂಕಿನ ಹತ್ತಿರ ಗಾಡಿ ನಿಲ್ಲಿಸಿ ಸಿಲಿಂಡರ್ ಏರಿಸುತ್ತಿದ್ದೆವು. ಯಾರೂ ಒಳಗಿಲ್ಲ, ದೊಡ್ಡ ಗೇರು ಹಾಕಿಯೇ ಇಳಿದಿದ್ದೆ. ಕೊನೆಯ ಸಿಲಿಂಡರ್ ಇಟ್ಟಾಗ ಟಕ್ ಎಂದಿತು, ಗಾಡಿ ತಾನಾಗಿ ಹೊರಟಿತು. ಚಿಕ್ಕ ಗೇರು ನ್ಯೂಟ್ರಲ್ಲಿಗೆ ಬಂದರೆ ದೊಡ್ಡದು ಹಿಡಿಯುವುದಿಲ್ಲ ಎನ್ನುವುದು ನನಗೇ ಮರೆತಿತ್ತು. ಹ್ಯಾಂಡ್ ಬ್ರೇಕ್ ಈ ಇಳಿಜಾರಿಗೆ ಸಾಲದು. ಪುಣ್ಯಕ್ಕೆ ಮುಂದೆ ಚರಂಡಿ ಕಲ್ಲಿತ್ತು, ತಗುಲಿ ನಿಂತಿತು. ಆಪರೇಟರ್ ಬಿಳುಚಿಕೊಂಡ. ನಾನು ನಕ್ಕೆ. ಏಕೆ ನಕ್ಕೆನೋ ಗೊತ್ತಿಲ್ಲ.

ಒಳ್ಳೆಯ ಕಲ್ಲೊಂದನ್ನು ಹುಡುಕಿ ಸೀಟಿನ ಕೆಳಗೆ ಇಟ್ಟುಕೊಂಡಿದ್ದೇನೆ. ನಿಲ್ಲಿಸಿದಾಗಲೆಲ್ಲ ಚಕ್ರದ ಕೆಳಗೆ.

ಮಾರ್ಚ್ 28

ಹೊಸ ಉಪಾಯ. ಮೂರನೇ ತಿರುವಿನಲ್ಲಿ ಸ್ಟಿಯರಿಂಗಿಗೆ ಎರಡೂ ಕೈ ಬೇಕು, ಗೇರು ಹಿಡಿಯಲು ಮೂರನೇ ಕೈ ಎಲ್ಲಿಂದ ತರುವುದು? ಇವತ್ತು ಎಡಮಂಡಿಯನ್ನು ಅದಕ್ಕೆ ಆನಿಸಿ ಮುಂದಕ್ಕೆ ಒತ್ತಿ ನೋಡಿದೆ. ಜಪ್ಪಯ್ಯ ಎಂದರೂ ಏಳಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಒಂದು ತಿಂಗಳು ಒದ್ದಾಡಿದೆನಲ್ಲ ಎಂದು ನಗು ಬಂತು.

ಏಪ್ರಿಲ್ 6

ಗುಡ್ಡ. ವಿಶೇಷವೇನಿಲ್ಲ.

ಏಪ್ರಿಲ್ 19

ಬರೆಯುವಾಗ ನಾನು ಮೇಜು ಅಲ್ಲಾಡಿಸುತ್ತೇನಂತೆ, ಹೊಲಿಗೆ ಸೊಟ್ಟಗಾಗುತ್ತದಂತೆ. ಹೊಲಿಗೆ ಸೊಟ್ಟಗಾಗುವುದಕ್ಕೂ ಗಂಡನೇ ಕಾರಣ. ಆಗಲಿ, ಇಷ್ಟು ವರ್ಷ ಎಲ್ಲಕ್ಕೂ ನಾನೇ ಕಾರಣನಾಗಿದ್ದೇನೆ, ಇದೊಂದು ಯಾವ ಲೆಕ್ಕ.

ಎಡಮಂಡಿ ಕಂದಿದೆ. ಎಲ್ಲಿ ತಗುಲಿಸಿಕೊಂಡಿರಿ ಎಂದು ಕೇಳಿದಳು. ಎಲ್ಲೂ ಇಲ್ಲ ಎಂದೆ. ವಯಸ್ಸಾದರೆ ಮೈ ತಾನಾಗಿಯೇ ಕಂದುತ್ತದೋ ಏನೋ.

ಮೇ 3

ಚಿಕ್ಕ ಗೇರು ಹಾರಿ ಎಷ್ಟೋ ವಾರಗಳಾದವು. ಮೇಸ್ತ್ರಿಯ ಸ್ಪ್ರಿಂಗ್ ಈಗ ಹೊಂದಿಕೊಂಡಿದೆ, ಹೊಸ ಚಪ್ಪಲಿಗೂ ಹೊಂದಿಕೊಳ್ಳಲು ಸಮಯ ಬೇಕಲ್ಲ. ಗಾಡಿ ಹೇಗಿದೆ ಎಂದು ಸಾಹೇಬರು ಕೇಳಿದರು. ಸರಿಯಾಗಿದೆ ಎಂದೆ. ಹಾಗಾದರೆ ಹೊಸ ಪೆಟ್ಟಿಗೆಯ ಬೇಡಿಕೆ ಕೈಬಿಡೋಣವೇ ಎಂದರು. ಬಿಡಿ ಎಂದೆ. ಅವರ ಮುಖ ಅರಳಿತು.

ಮೇ 16

ಮಂಡಿ ಬಾತುಕೊಂಡಿದೆ, ಕ್ಲಚ್ ತುಳಿಯಲಾಗುತ್ತಿಲ್ಲ. ಡಾಕ್ಟರು ಒತ್ತಿ ನೋಡಿ, ದಿನಾ ಇದನ್ನು ಯಾವುದಕ್ಕಾದರೂ ಒತ್ತಿಹಿಡಿಯುತ್ತೀರಾ ಎಂದು ಕೇಳಿದರು. ನಾನು ಡ್ರೈವರ್, ಕೂತು ಮಾಡುವ ಕೆಲಸ ಎಂದೆ. ಹದಿನೈದು ದಿನ ಗಾಡಿ ಹತ್ತಬಾರದಂತೆ. ಗುಡ್ಡದ ಗಾಡಿ ಮಗಳಿಗೆ.

ಮೇ 18

ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಪೂರ್ತಿ ನಿಲ್ಲಿಸದೆ ಚಿಕ್ಕ ಗೇರು ಮುಟ್ಟಬೇಡ. ದೊಡ್ಡದು ನ್ಯೂಟ್ರಲ್ಲಿನಲ್ಲಿರಲಿ. ಹಲ್ಲು ಸೇರದಿದ್ದರೆ ಬಲವಂತ ಮಾಡಬೇಡ, ಒಂದು ಮಾರು ಉರುಳಿಸಿ ನೋಡು. ಮೇಲೆ ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು, ಸೀಟಿನ ಕೆಳಗಿದೆ. ಎರಡನೇ ತಿರುವಿನ ನಂತರ ಬ್ರೇಕನ್ನು ತುಳಿದುಕೊಂಡೇ ಇರಬೇಡ. ಎಲ್ಲವನ್ನೂ ಅವಳು ತಿರುಗಿಸಿ ಹೇಳಿದಳು, ಒಂದೂ ತಪ್ಪಲಿಲ್ಲ. ನನಗೆ ಹೆಮ್ಮೆಯಾಯಿತು.

ಹೆಂಡತಿ ಬಟ್ಟೆಯಿಂದ ಕಣ್ಣೆತ್ತದೆ, ಆ ಗೇರಿನ ರಗಳೆ ಏನಾಯಿತು ಎಂದು ಕೇಳಿದಳು. ಅದು ಯಾವಾಗಲೋ ಸರಿಹೋಯಿತು ಎಂದೆ.

ಮೇ 19

ಸಂಜೆ ಬರೆಯುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಬೆಳಗ್ಗೆ ಮಗಳು ಗಾಡಿ ತೆಗೆದುಕೊಂಡು ಹೋದಳು. ನಾನು ಮೇಜಿನ ಈ ತುದಿಯಲ್ಲಿ ಕೂತು, ಈಗ ಬುಡಕ್ಕೆ ಬಂದಿರುತ್ತಾಳೆ, ಈಗ ಹತ್ತುತ್ತಿರುತ್ತಾಳೆ, ಈಗ ಸಿಲಿಂಡರ್ ಇಳಿಸುತ್ತಿರುತ್ತಾರೆ ಎಂದು ಮನಸ್ಸಿನಲ್ಲೇ ಗಾಡಿ ಓಡಿಸುತ್ತಿದ್ದೆ. ಇನ್ನು ಹೊರಡಬೇಕು, ಮೊದಲ ತಿರುವು, ಎರಡನೆಯದು. ಹೆಂಡತಿ ಮಿಷನ್ ನಿಲ್ಲಿಸಿದಳು.

"ನೋಡ್ರೀ, ಮತ್ತೆ ತಳ್ತಾ ಇದ್ದೀರಿ. ಕೆಳಗೆ ಬಗ್ಗಿ ನೋಡಿ ನಿಮ್ಮ ಮಂಡಿ ಏನ್ ಮಾಡ್ತಾ ಇದೆ ಅಂತ."

ಬಗ್ಗಿ ನೋಡಿದೆ. ಬಾತ ಮಂಡಿ ಮೇಜಿನ ಕಾಲನ್ನು ಮುಂದಕ್ಕೆ ಒತ್ತಿ ಹಿಡಿದಿತ್ತು. ಬಲವಾಗಿ, ನನ್ನನ್ನು ಕೇಳದೆ.

ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಹೊಳೆಯಿತು. ಸ್ಪ್ರಿಂಗ್ ಹೊಂದಿಕೊಂಡಿರಲಿಲ್ಲ. ಏನೂ ಸರಿಹೋಗಿರಲಿಲ್ಲ. ಮಗಳಿಗೆ ಕಲ್ಲಿನ ಬಗ್ಗೆ ಹೇಳಿದ್ದೆ, ಬ್ರೇಕಿನ ಬಗ್ಗೆ ಹೇಳಿದ್ದೆ, ಮಂಡಿಯ ಬಗ್ಗೆ ಹೇಳಿರಲಿಲ್ಲ.

ಗುಡ್ಡದ ಆ ಮಗ್ಗುಲಲ್ಲಿ ಫೋನ್ ಸಿಗುವುದಿಲ್ಲ. ಆದರೂ ಮಾಡಿದೆ. ಪಕ್ಕದ ಮನೆಯ ಟೈಲರ್ ಮೇಷ್ಟ್ರ ಸ್ಕೂಟರಿನಲ್ಲಿ ಗುಡ್ಡದ ಬುಡದವರೆಗೆ ಹೋದೆ, ಅದು ಅಲ್ಲಿಂದ ಮುಂದೆ ಹತ್ತಲಿಲ್ಲ. ಕಾಲೆಳೆದುಕೊಂಡು ಹತ್ತಿದೆ. ಮೇಲಿನಿಂದ ಯಾವ ಸದ್ದೂ ಇಲ್ಲ. ಎಂಜಿನ್ ಸದ್ದಿಲ್ಲ, ಸಿಲಿಂಡರ್ ಸದ್ದಿಲ್ಲ. ಮೂರನೇ ತಿರುವು ಬಂದಾಗ ಗೋಡೆಯ ಹೊರಗೆ ಇಣುಕಲು ನನಗೆ ಧೈರ್ಯ ಸಾಲಲಿಲ್ಲ. ಕಣ್ಣು ಮುಚ್ಚಿ ಗೋಡೆ ಹಿಡಿದು ನಿಂತೆ. ನಾನು ಅವಳನ್ನು ಕೊಂದೆ ಎಂದೇ ಅಂದುಕೊಂಡೆ.

ಕಣ್ಣು ತೆರೆದಾಗ ಅವರಿಬ್ಬರೂ ರಸ್ತೆಯಲ್ಲಿ ನಡೆದು ಬರುತ್ತಿದ್ದರು. ಮುಂದೆ ಮಗಳು, ಹಿಂದೆ ಏದುಸಿರು ಬಿಡುತ್ತ ಆಪರೇಟರ್.

ಟ್ಯಾಂಕಿನ ಗೇಟು ದಾಟಿದ ಕೂಡಲೇ ಗೇರು ಹಾರಿತಂತೆ. ಅಲ್ಲೇ ದಿಬ್ಬಕ್ಕೆ ಒತ್ತಿ ನಿಲ್ಲಿಸಿ, ಕಲ್ಲು ಕೊಟ್ಟು, ಗೇರಿನ ಬುಡದ ರಬ್ಬರ್ ಎತ್ತಿ ಬೆರಳು ಹಾಕಿ ನೋಡಿದ್ದಾಳೆ. ಗೇರು ಪೂರ್ತಿ ಮುಂದಕ್ಕೆ ಹೋಗುವ ಮೊದಲೇ ನೆಲದ ತಗಡಿನ ಅಂಚಿಗೆ ತಗುಲುತ್ತದೆ. ಸಿಲಿಂಡರ್ ಇಳಿಸಿದರೆ ತಗುಲುವುದಿಲ್ಲ. ಬಾಡಿಯ ಕೆಳಗಿನ ರಬ್ಬರುಗಳು ಸೋತಿವೆ, ಭಾರ ಹೇರಿದಾಗ ಬಾಡಿ ಕುಸಿದು ಗೇರಿಗೆ ಅಡ್ಡ ಬರುತ್ತದೆ, ಹಲ್ಲು ಅರ್ಧವೇ ಕೂರುತ್ತದೆ. ಗ್ಯಾರೇಜಿನಲ್ಲಿ ಸಿಕ್ಕದ ದೋಷ ಇದೇ. ಅಲ್ಲಿಗೆ ನಾವು ಯಾವತ್ತೂ ಬರೀ ಗಾಡಿಯನ್ನೇ ಒಯ್ಯುತ್ತಿದ್ದೆವು.

ಅವಳ ಭುಜ ಹಿಡಿದುಕೊಂಡು ನಿಂತೆ.

"ಲೋ ಇಲ್ದೆ ಈ ಗುಡ್ಡ ಇಳೀಬಾರ್ದು ಅಂತ ನೀನೇ ಅಲ್ವೇನಪ್ಪ ಹೇಳಿದ್ದು?" ಎಂದಳು. ನನ್ನನ್ನೇ ನೋಡುತ್ತಿದ್ದಳು. "ನೀನು ಇಷ್ಟು ದಿನ ಹೇಗಪ್ಪ ಇಳಿಸ್ತಿದ್ದೆ ಇದನ್ನ?"

ಮೂವರೂ ನಡೆದು ಇಳಿದೆವು. ಮೇಸ್ತ್ರಿ ಬೇರೆ ಊರಿನಲ್ಲಿದ್ದಾನೆ. ಇಪ್ಪತ್ತೆರಡನೇ ತಾರೀಖು ಮೇಲಕ್ಕೇ ಬಂದು ತಗಡಿನ ಅಂಚು ಕತ್ತರಿಸಿ, ರಬ್ಬರ್ ಹಾಕಿ ಎತ್ತಿಕೊಡುತ್ತಾನಂತೆ. ಅಲ್ಲಿಯವರೆಗೆ ಗಾಡಿಯನ್ನು ಯಾರೂ ಮುಟ್ಟಬಾರದು ಎಂದಿದ್ದಾನೆ. ನಾನಂತೂ ಇನ್ನು ಮುಟ್ಟಿದರೆ ಕೇಳಿ.

ಮೇ 20

ನಿನ್ನೆ ಬರೆದದ್ದನ್ನು ಓದಿದೆ. ಸ್ವಲ್ಪ ಅತಿಯಾಯಿತು. ಗಾಬರಿಯಲ್ಲಿ ಬರೆದದ್ದು.

ಮಧ್ಯಾಹ್ನ ಸಾಹೇಬರು ಮನೆಗೇ ಬಂದಿದ್ದರು. ನಾಳೆ ಕ್ಲೋರಿನ್ ಗ್ಯಾಸ್ ತರುವ ಲಾರಿ ಬರುತ್ತದೆ. ಖಾಲಿ ಸಿಲಿಂಡರ್ ಕೊಟ್ಟರೆ ಮಾತ್ರ ತುಂಬಿದ್ದು ಕೊಡುತ್ತಾರೆ, ಖಾಲಿಯೆಲ್ಲ ಮೇಲೆ ಗಾಡಿಯ ಹತ್ತಿರವೇ ಇವೆ. ನಾಳೆ ತಪ್ಪಿದರೆ ಲಾರಿ ಮತ್ತೆ ಬರುವುದು ಮುಂದಿನ ವಾರ, ನಿನ್ನೆ ಏರಿಸಿದ ಕ್ಲೋರಿನ್ ಅಲ್ಲಿಯವರೆಗೆ ಸಾಲದು. ಮಗಳು ಅಲ್ಲೇ ನಿಂತು, ಲಾರಿಯವರನ್ನು ಒಂದು ದಿನ ನಿಲ್ಲಿಸಿಕೊಳ್ಳಿ, ನಾಡಿದ್ದು ಮೇಸ್ತ್ರಿ ಬರುತ್ತಾನೆ ಎಂದಳು. ಆ ಲಾರಿ ಯಾರಿಗೂ ಕಾಯುವುದಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅವಳಿಗೆ ಆಗ್ಲಿಲ್ಲ, ಸರಿ. ನಿಮ್ಮಿಂದ ಆಗುತ್ತಲ್ಲ?" ಎಂದು ಕೇಳಿದರು.

ಆಗುತ್ತದೆ ಎಂದೆ. ಇಷ್ಟು ತಿಂಗಳು ಇಳಿಸಿದವನು ನಾನೇ ತಾನೇ. ಆಗ ದೋಷ ಎಲ್ಲಿದೆ ಎಂದೇ ಗೊತ್ತಿರಲಿಲ್ಲ, ಈಗ ಅದೂ ಗೊತ್ತಿದೆ. ಗೊತ್ತಿದ್ದ ಮೇಲೆ ಭಯವೇನು? ಊರಿನ ಮಕ್ಕಳು ಕುಡಿಯುವ ನೀರಿನ ಪ್ರಶ್ನೆ. ಇದೊಂದು ಸಲ ಇಳಿಸಿಕೊಟ್ಟುಬಿಟ್ಟರೆ ಆಮೇಲೆ ಮೇಸ್ತ್ರಿ ನಿಧಾನವಾಗಿ ರಿಪೇರಿ ಮಾಡಿಕೊಳ್ಳಲಿ.

ಮಂಡಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡಿದ್ದೇನೆ. ನೋವು ಅಷ್ಟೇನಿಲ್ಲ. ಒತ್ತಿ ನೋಡಿದೆ, ಮೇಜು ಜರುಗಿತು. ಹೆಂಡತಿ ಸಂಜೆಯಿಂದ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಾಳೆ, ಹೊಲಿಯುತ್ತಿಲ್ಲ.

ಮಗಳು ಊಟಕ್ಕೆ ಏಳಲಿಲ್ಲ. ಈಗಷ್ಟೇ ಬಂದು ಬಾಗಿಲಲ್ಲಿ ನಿಂತು, "ನೀನು ಹೋಗೋದೇ ಆದ್ರೆ ನಾನೂ ಪಕ್ಕದಲ್ಲಿ ಕೂತ್ಕೊಂಡು ಬರ್ತೀನಿ. ಆಗಲಾದ್ರೂ ನೀನು ಹೋಗಲ್ಲ ಅಂದ್ಕೋತೀನಿ," ಎಂದು ಹೇಳಿ ಹೋದಳು. ಕಣ್ಣು ಕೆಂಪಗಿತ್ತು.

ಬರಲಿ, ಒಳ್ಳೆಯದೇ. ಮಂಡಿಯನ್ನು ಎಲ್ಲಿ ಆನಿಸಬೇಕು, ಎಷ್ಟು ಒತ್ತಬೇಕು ಎಂದು ಪಕ್ಕದಲ್ಲೇ ಕೂತು ನೋಡಿಕೊಂಡರೆ ಅವಳಿಗೂ ಅಭ್ಯಾಸವಾಗುತ್ತದೆ.